ಕರ್ನಲ್ ಹೊಸದಾಗಿ ಕಂಪೈಲ್ ಮಾಡಿದ ಮೇಲೂ ಸೌಂಡ್ ಉಳಿಸಿಕೊಳ್ಳುವುದು ಹೇಗೆ

ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಊರಲ್ಲಿ ಅವರ ಹತ್ತಿರ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಇದೆ. ಓರ್ಕಾ ಎನ್ನುವ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಇಸ್ಪೀಕ್ ಎನ್‌ಜಿ ಅದಕ್ಕೆ ಕನ್ನಡದ ದನಿ ಕೊಡುತ್ತದೆ. ಅದರ ವೈಫೈ ಪದೇ ಪದೇ ಕಡಿದುಹೋಗುತ್ತಿತ್ತು. ಹೊಸ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು ಅದು, ಯಂತ್ರದ ಭಾಗಗಳನ್ನೆಲ್ಲ ನಡೆಸುವುದು) ಅದು ಸರಿಹೋಗಿದೆ ಎಂದು ಗೊತ್ತಾಗಿ, ಲ್ಯಾಪ್‌ಟಾಪನ್ನು ಬೆಂಗಳೂರಿಗೆ ತಂದು, ಕರ್ನಲನ್ನು ಅದರ ಸೋರ್ಸ್ ಕೋಡಿನಿಂದ ಕಟ್ಟಿ, ಅಂದರೆ ಕಂಪೈಲ್ ಮಾಡಿ, ವೈಫೈ ನೋಡಿ, ಸ್ಪೀಕರ್‌ನಲ್ಲಿ ಓರ್ಕಾ ಮಾತಾಡುವುದನ್ನೂ ಕೇಳಿ ವಾಪಸ್ ಕಳಿಸಿದೆ.

ಮಾರನೆ ದಿನ ಅವರ ಫೋನ್ ಬಂತು. "ಸ್ಪೀಕರ್‌ನಲ್ಲಿ ಮಾತಾಡ್ತದೆ ಕಣೋ, ಕಿವಿಗೆ ಹಾಕ್ಕೊಂಡ್ರೆ ಸದ್ದೇ ಇಲ್ಲ. ನನ್ನ ಬ್ಯಾಂಕಿನ ಲೆಕ್ಕ ಎಲ್ಲ ಜಗುಲಿಗೆ ಕೇಳ್ತಾ ಇದೆ."

ಅವರು ಬಳಸುವುದು ಯುಎಸ್‌ಬಿ ಹೆಡ್‌ಸೆಟ್. ನಾನು ಕಂಪೈಲ್ ಮಾಡುವಾಗ ಅದು ಊರಲ್ಲೇ ಇತ್ತು. ಅಷ್ಟಕ್ಕೇ ಅದರ ಡ್ರೈವರ್ (ಆ ಸಾಧನವನ್ನು ನಡೆಸುವ ಕೋಡ್) ಹೊಸ ಕರ್ನಲ್‌ನಿಂದ ಬಿಟ್ಟುಹೋಗಿತ್ತು. ಹೇಗೆ ಬಿಟ್ಟುಹೋಯಿತು ಅನ್ನುವುದು ಮುಂದೆ ಬರುತ್ತದೆ. ನಮಗೆ ಸೌಂಡ್ ಹೋದರೆ ಹಾಡು ನಿಲ್ಲುತ್ತದೆ, ಅವರಿಗೆ ಮಾನಿಟರ್ ಆರಿಹೋದ ಹಾಗೆ. ಅದಕ್ಕೇ ಆಮೇಲೆ ನಾನು ರೂಢಿ ಮಾಡಿಕೊಂಡ ಕ್ರಮವನ್ನು ಪೂರ್ತಿ ಬರೆಯುತ್ತಿದ್ದೇನೆ. ಡೆಬಿಯನ್, ಉಬುಂಟು ಕಡೆಯವರನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ. ಬೇರೆಯವರಿಗೂ ಹೆಚ್ಚಿನದು ಹಾಗೇ ಹೊಂದುತ್ತದೆ.

ಒಂದು ಮಾತು. ಕಮಾಂಡುಗಳನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರ ಹಾಕಿ. ಕಾನ್ಫಿಗ್ ಫೈಲಿನ (ಕರ್ನಲ್‌ನಲ್ಲಿ ಏನೇನು ಇರಬೇಕೆಂದು ಬರೆದ ಪಟ್ಟಿ) ಆಯ್ಕೆಗಳೂ ಗ್ರಬ್‌ನ (ಯಂತ್ರ ಆನ್ ಆದಾಗ ಯಾವ ಕರ್ನಲ್ ಶುರುವಾಗಬೇಕೆಂದು ಆರಿಸುವ ಪ್ರೋಗ್ರಾಮ್) ಆಯ್ಕೆಗಳೂ ಪೂರ್ತಿ ದೊಡ್ಡಕ್ಷರ, ಉಳಿದ ಕಮಾಂಡುಗಳು ಸಣ್ಣಕ್ಷರ. ಗೆರೆ, ಅಡಿಗೆರೆ, ಓರೆಗೆರೆ ಕಂಡಲ್ಲಿ ಹಾಗೇ ಹಾಕಿ.

ಸೌಂಡ್ ಯಾಕೆ ಹೋಗುತ್ತದೆ

ಲಿನಕ್ಸ್‌ನಲ್ಲಿ ಸೌಂಡ್ ಡ್ರೈವರ್‌ಗಳು ಆಲ್ಸಾ ಎನ್ನುವ ಭಾಗದಲ್ಲಿವೆ. ಅದು 2002ರಲ್ಲಿ ಕರ್ನಲ್‌ನ 2.5 ಸರಣಿಗೆ ಸೇರಿತು, 2003ರ ಡಿಸೆಂಬರ್‌ನಲ್ಲಿ 2.6 ಬಂದಾಗ ಎಲ್ಲರ ಕೈಗೂ ಸಿಕ್ಕಿತು. ಅದಕ್ಕೆ ಮೊದಲು ಆಲ್ಸಾ ಡ್ರೈವರ್‌ಗಳನ್ನು ಬೇರೆಯಾಗಿ ಇಳಿಸಿಕೊಂಡು, ಪ್ರತಿ ಸಲ ಕರ್ನಲ್ ಬದಲಾದಾಗಲೂ ಮತ್ತೆ ಕಂಪೈಲ್ ಮಾಡಬೇಕಿತ್ತು. ಹುಡುಕಿದರೆ ಇವತ್ತಿಗೂ ಆ ಕಾಲದ ಸಲಹೆಗಳು ಸಿಗುತ್ತವೆ. ಆಲ್ಸಾ ಡ್ರೈವರ್ ಕಟ್ಟು ಇಳಿಸಿ, ಆಲ್ಸಾಕಾನ್ಫ್ ಓಡಿಸಿ ಅಂತೆಲ್ಲ ಇದ್ದರೆ ಅದನ್ನು ಬಿಟ್ಟುಬಿಡಿ. ಈಗ ಡ್ರೈವರ್ ಕರ್ನಲ್ ಸೋರ್ಸ್ ಒಳಗೇ ಇದೆ, ನೀವು ಆರಿಸಿಕೊಳ್ಳಬೇಕು ಅಷ್ಟೆ.

ಆದರೆ ಅದು ಒಂದೇ ತುಂಡಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಎನ್ನುವ ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಡ್ರೈವರ್ ತುಂಡು) ಸೌಂಡ್ ಕಂಟ್ರೋಲರನ್ನು ನೋಡಿಕೊಳ್ಳುತ್ತದೆ. ಹೆಸರಲ್ಲಿ ಇಂಟೆಲ್ ಇದ್ದರೂ ಎಎಮ್‌ಡಿ ಯಂತ್ರಗಳಲ್ಲೂ ಇದೇ ಇರುತ್ತದೆ. ಅದರ ಹಿಂದೆ ರಿಯಲ್‌ಟೆಕ್ ಕಂಪನಿಯದರಂಥ ಕೋಡೆಕ್ ಚಿಪ್ (ಡಿಜಿಟಲ್ ಸದ್ದನ್ನು ಸ್ಪೀಕರಿಗೆ ಹೊಂದುವ ಹಾಗೆ ಮಾಡುವುದು) ಇದೆ, ಅದಕ್ಕೆ ಬೇರೆ ಮಾಡ್ಯೂಲ್. ಎಚ್‌ಡಿಎಮ್‌ಐಗೆ ಇನ್ನೊಂದು. ಯುಎಸ್‌ಬಿ ಹೆಡ್‌ಸೆಟ್‌ಗೆ ಮತ್ತೊಂದು. ಈಚಿನ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ಒಳಗೇ ಡಿಜಿಟಲ್ ಮೈಕ್ ಇರುವಂಥವುಗಳಲ್ಲಿ, ಸೋಫ್ ಎನ್ನುವ ಬೇರೆ ಡ್ರೈವರ್ ಕೆಲಸ ಮಾಡುತ್ತದೆ. ಅದಕ್ಕೆ ಡಿಸ್ಕಿನಲ್ಲಿ ಫರ್ಮ್‌ವೇರ್ ಫೈಲ್ (ಚಿಪ್‌ನ ಒಳಗೇ ಓಡುವ ಪ್ರೋಗ್ರಾಮ್) ಕೂಡ ಬೇಕು.

ಅಂದರೆ ಕರ್ನಲ್, ಅದರ ಮಾಡ್ಯೂಲ್‌ಗಳು, ಫರ್ಮ್‌ವೇರ್ ಇವು ಮೂರೂ ಒಂದು ಸೆಟ್. ಇದರಲ್ಲಿ ಒಂದು ಹಿಂದೆ ಬಿದ್ದರೂ ಯಂತ್ರ ಚೆನ್ನಾಗೇ ಶುರುವಾಗುತ್ತದೆ, ವೈಫೈ ಬರುತ್ತದೆ, ಡೆಸ್ಕ್‌ಟಾಪ್ ಬರುತ್ತದೆ, ಸೌಂಡ್ ಮಾತ್ರ ಇರುವುದಿಲ್ಲ. ಪರದೆಯ ಮೇಲೆ ಎಚ್ಚರಿಕೆ ಏನೂ ಬರುವುದಿಲ್ಲ.

ಮೊದಲು: ಸೌಂಡ್ ಬರುತ್ತಿರುವಾಗಲೇ ಎಲ್ಲ ಬರೆದಿಟ್ಟುಕೊಳ್ಳಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಸೌಂಡ್ ಹೋದ ಮೇಲೆ "ಮೊದಲು ಯಾವ ಡ್ರೈವರ್ ಇತ್ತು" ಅಂತ ಹುಡುಕುವುದು ಬಹಳ ಕಷ್ಟ. ಈಗ ಬರೆದಿಟ್ಟರೆ ಐದು ನಿಮಿಷದ ಕೆಲಸ.

ನೀವು ಬಳಸುವ ಎಲ್ಲ ಸೌಂಡ್ ಸಾಮಾನನ್ನೂ ಚುಚ್ಚಿಡಿ. ಯುಎಸ್‌ಬಿ ಹೆಡ್‌ಸೆಟ್, ಟಿವಿಗೆ ಹೋಗುವ ಎಚ್‌ಡಿಎಮ್‌ಐ ಕೇಬಲ್, ಹೊರಗಿನ ಮೈಕ್, ಬ್ಲೂಟೂತ್ ಸ್ಪೀಕರ್ ಇದ್ದರೆ ಅದನ್ನೂ ಜೋಡಿಸಿ. ಪ್ರತಿಯೊಂದರಲ್ಲೂ ಒಮ್ಮೆ ಸದ್ದು ಬರಿಸಿ ನೋಡಿ. ಆಮೇಲೆ ಟರ್ಮಿನಲ್ ತೆಗೆದು ಇವನ್ನು ಒಂದೊಂದಾಗಿ ಓಡಿಸಿ, ಬಂದದ್ದನ್ನೆಲ್ಲ ಒಂದು ಫೈಲಿಗೆ ಹಾಕಿಕೊಳ್ಳಿ.

ಯುನೇಮ್ -ಆರ್ ಎಂದರೆ ಈಗ ಓಡುತ್ತಿರುವ ಕರ್ನಲ್‌ನ ಪೂರ್ತಿ ಹೆಸರು ಬರುತ್ತದೆ. ಎಪ್ಲೇ -ಎಲ್ ಎಂದರೆ ಸದ್ದು ಹೊರಡಿಸುವ ಸಾಧನಗಳ ಪಟ್ಟಿ, ಎರೆಕಾರ್ಡ್ -ಎಲ್ ಎಂದರೆ ಮೈಕ್‌ಗಳ ಪಟ್ಟಿ. /ಪ್ರಾಕ್/ಎಸೌಂಡ್/ಕಾರ್ಡ್ಸ್ ಫೈಲನ್ನು ಕ್ಯಾಟ್ ಮಾಡಿದರೆ ಯಾವ ಕಾರ್ಡ್ ಎಷ್ಟನೆಯದು ಎಂದು ಕಾಣುತ್ತದೆ, ಈ ಕ್ರಮ ಆಮೇಲೆ ಮುಖ್ಯವಾಗುತ್ತದೆ. ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಓಡಿಸಿ ಆಡಿಯೋ ಎಂದಿರುವ ಸಾಲಿನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ನೋಡಿ. ಎಲ್‌ಎಸ್‌ಮಾಡ್‌ನ ಪೂರ್ತಿ ಪಟ್ಟಿಯನ್ನು ಬೇರೆ ಫೈಲಿಗೆ ಉಳಿಸಿ, ಅದನ್ನು ಮುಂದೆ ನೇರವಾಗಿ ಬಳಸುತ್ತೇವೆ. ಸುಡೊ ಡಿಮೆಸೇಜ್ ಕೊಟ್ಟು (ಟೈಪ್ ಮಾಡುವಾಗ ಡಿ, ಎಮ್, ಇ, ಎಸ್, ಜಿ) ಅದರಲ್ಲಿ ಎಸ್‌ಎನ್‌ಡಿ, ಎಚ್‌ಡಿಎ, ಎಸ್‌ಒಎಫ್ ಎಂದಿರುವ ಸಾಲುಗಳನ್ನು ತೆಗೆದಿಡಿ. ಫರ್ಮ್‌ವೇರ್ ಫೈಲಿನ ಹೆಸರು ಇರುವುದು ಅಲ್ಲೇ.

ಇನ್ನೆರಡು ವಿಷಯ. ಡಿಕೆಎಮ್‌ಎಸ್ ಸ್ಟೇಟಸ್ ಎಂದು ಕೊಟ್ಟು ನೋಡಿ. ಏನಾದರೂ ಬಂದರೆ ಕರ್ನಲ್ ಹೊರಗಿನ ಡ್ರೈವರ್ ನಿಮ್ಮಲ್ಲಿದೆ ಎಂದರ್ಥ. ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್ ಕೊಟ್ಟರೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕರ್ನಲನ್ನು ಶುರುವಾಗಲು ಬಿಡದ ವ್ಯವಸ್ಥೆ) ಆನ್ ಇದೆಯೋ ಆಫ್ ಇದೆಯೋ ಹೇಳುತ್ತದೆ. ಎರಡನ್ನೂ ಬರೆದುಕೊಳ್ಳಿ.

/ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್ ಒಳಗೂ ಒಮ್ಮೆ ಇಣುಕಿ. ಎಂದೋ ಯಾರೋ ಹಾಕಿದ ಒಂದು ಆಪ್ಷನ್ ಸಾಲಿನಿಂದಲೇ ನಿಮ್ಮ ಹೆಡ್‌ಫೋನ್ ಜ್ಯಾಕ್ ಕೆಲಸ ಮಾಡುತ್ತಿರಬಹುದು.

ಕಾನ್ಫಿಗ್: ಎಡವುವುದು ಇಲ್ಲೇ

ಸೊನ್ನೆಯಿಂದ ಕಾನ್ಫಿಗ್ ಮಾಡಲು ಹೋಗಬೇಡಿ. ಸಾವಿರಾರು ಆಯ್ಕೆಗಳಿವೆ, ಸೌಂಡ್‌ನಲ್ಲೇ ನೂರಾರು. ಈಗ ಸರಿಯಾಗಿ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲ್ /ಬೂಟ್ ಒಳಗೆ ಕಾನ್ಫಿಗ್- ಎಂದು ಶುರುವಾಗುವ ಹೆಸರಲ್ಲಿ ಇರುತ್ತದೆ. ಕೆಲವು ಕಡೆ /ಪ್ರಾಕ್/ಕಾನ್ಫಿಗ್.ಜಿಝಡ್ ಎಂದು ಸಿಗುತ್ತದೆ. ಅದನ್ನು ಹೊಸ ಸೋರ್ಸ್ ಫೋಲ್ಡರಿಗೆ .ಕಾನ್ಫಿಗ್ ಎಂಬ ಹೆಸರಲ್ಲಿ ಕಾಪಿ ಮಾಡಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಡಿ. ಹಳೆಯ ಆಯ್ಕೆಗಳು ಉಳಿಯುತ್ತವೆ, ಹೊಸದಾಗಿ ಬಂದ ಆಯ್ಕೆಗಳಿಗೆ ಕರ್ನಲ್‌ನವರೇ ಇಟ್ಟ ಉತ್ತರ ಬೀಳುತ್ತದೆ.

ಇಷ್ಟು ಮಾಡಿ ನಿಲ್ಲಿಸಿದ್ದರೆ ಚಿಕ್ಕಪ್ಪನ ಹೆಡ್‌ಸೆಟ್ ಉಳಿಯುತ್ತಿತ್ತು. ನಾನು ಕಂಪೈಲ್ ಬೇಗ ಮುಗಿಯಲಿ ಎಂದು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟೆ. ಇದು ತುಂಬ ಉಪಯೋಗದ ಕಮಾಂಡೇ. ಈ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಮಾಡ್ಯೂಲ್‌ಗಳನ್ನೆಲ್ಲ ಕಾನ್ಫಿಗ್‌ನಿಂದ ತೆಗೆಯುತ್ತದೆ, ಗಂಟೆಗಟ್ಟಲೆ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಆದರೆ "ಈ ಕ್ಷಣದಲ್ಲಿ" ಅನ್ನುವುದನ್ನು ಗಮನಿಸಿ. ಹೆಡ್‌ಸೆಟ್ ಚುಚ್ಚಿರಲಿಲ್ಲ, ಎಸ್‌ಎನ್‌ಡಿ_ಯುಎಸ್‌ಬಿ_ಆಡಿಯೋ ಲೋಡ್ ಆಗಿರಲಿಲ್ಲ, ಆದ್ದರಿಂದ ಅದು ಬೇಡದ ಡ್ರೈವರ್ ಎಂದು ತೆಗೆದುಹಾಕಿತು. ಪೆನ್‌ಡ್ರೈವ್, ಪ್ರಿಂಟರ್, ಬ್ಲೂಟೂತ್ ಎಲ್ಲಕ್ಕೂ ಇದೇ ಗತಿ ಆಗಬಹುದು.

ಅದಕ್ಕೇ ಮೊದಲ ಹೆಜ್ಜೆಯಲ್ಲಿ ಎಲ್ಲ ಚುಚ್ಚಿ ಎಲ್‌ಎಸ್‌ಮಾಡ್ ಪಟ್ಟಿ ಉಳಿಸಿಕೊಂಡದ್ದು. ಮೇಕ್ ಎಂದು ಬರೆದು, ಜಾಗ ಬಿಟ್ಟು, ದೊಡ್ಡಕ್ಷರದಲ್ಲಿ ಎಲ್‌ಎಸ್‌ಎಮ್‌ಒಡಿ, ಸಮ ಚಿಹ್ನೆ, ಆ ಫೈಲಿನ ಪೂರ್ತಿ ದಾರಿ, ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್ ಎಂದು ಕೊಟ್ಟರೆ ಅದು ಆ ಪಟ್ಟಿಯನ್ನೇ ನೋಡುತ್ತದೆ. ಬೇರೆ ವೇಗದ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡುವವರಿಗಂತೂ ಇದು ಬೇಕೇ ಬೇಕು, ಇಲ್ಲದಿದ್ದರೆ ಆ ಕಂಪ್ಯೂಟರಿನ ಡ್ರೈವರ್‌ಗಳು ನಿಮ್ಮ ಲ್ಯಾಪ್‌ಟಾಪಿಗೆ ಬಂದು ಕೂರುತ್ತವೆ. ಬೇರೆಯವರ ಯಂತ್ರಕ್ಕೆ ಕರ್ನಲ್ ಮಾಡುವುದಾದರೆ ಲೋಕಲ್‌ಮಾಡ್‌ಕಾನ್ಫಿಗ್ ಬಳಸಲೇಬೇಡಿ ಎಂದೇ ನಾನು ಹೇಳುವುದು. ಅವರು ನಾಳೆ ಏನನ್ನು ತಂದು ಚುಚ್ಚುತ್ತಾರೆ ಎಂದು ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಕಂಪೈಲ್‌ಗೆ ಒಂದು ರಾತ್ರಿ ಹಿಡಿದರೂ ಹಿಡಿಯಲಿ.

ಈಗ .ಕಾನ್ಫಿಗ್ ಫೈಲಿನಲ್ಲಿ ಎಸ್‌ಎನ್‌ಡಿ ಎಂದು ಹುಡುಕಿ ಕಣ್ಣಾಡಿಸಿ. ಕಾನ್ಫಿಗ್_ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್, ಕಾನ್ಫಿಗ್_ಎಸ್‌ಎನ್‌ಡಿ_ಎಚ್‌ಡಿಎ_ಕೋಡೆಕ್_ ಎಂದು ಶುರುವಾಗುವವುಗಳಲ್ಲಿ ನಿಮ್ಮ ಚಿಪ್‌ನದು ಮತ್ತು ಎಚ್‌ಡಿಎಮ್‌ಐನದು, ಕಾನ್ಫಿಗ್_ಎಸ್‌ಎನ್‌ಡಿ_ಯುಎಸ್‌ಬಿ_ಆಡಿಯೋ ಇವು ಇರಬೇಕು. ಸೋಫ್ ಬಳಸುವ ಯಂತ್ರವಾದರೆ ಕಾನ್ಫಿಗ್_ಎಸ್‌ಎನ್‌ಡಿ_ಎಸ್‌ಒಸಿ_ಎಸ್‌ಒಎಫ್_ ಗುಂಪಿನವೂ ಬೇಕು. ಎದುರಿಗೆ ಎಮ್ ಎಂದಿದ್ದರೆ ಮಾಡ್ಯೂಲ್, ವೈ ಎಂದಿದ್ದರೆ ಕರ್ನಲ್ ಒಳಗೇ ಸೇರಿಸಿದ್ದು.

ಸೌಂಡ್‌ಗೆ ಯಾವಾಗಲೂ ಎಮ್ ಇಡಿ. "ಒಳಗೇ ಸೇರಿಸಿದರೆ ಗಟ್ಟಿ" ಎಂದು ವೈ ಹಾಕುವವರು ಇದ್ದಾರೆ, ಅದರಿಂದ ಎರಡು ತೊಂದರೆ. ಒಂದು, ಕರ್ನಲ್ ಶುರುವಾಗುವಾಗ ಡಿಸ್ಕ್ ಇನ್ನೂ ಮೌಂಟ್ ಆಗಿರುವುದಿಲ್ಲ, ಆಗಲೇ ಸೋಫ್ ತನ್ನ ಫರ್ಮ್‌ವೇರ್ ಹುಡುಕಿ ಸಿಗದೆ ಸೋತುಹೋಗುತ್ತದೆ. ಎರಡು, /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗಿನ ಆಪ್ಷನ್ ಸಾಲುಗಳು ಮಾಡ್ಯೂಲ್‌ಗಳಿಗೆ ಮಾತ್ರ ತಗಲುತ್ತವೆ. ಒಳಗೇ ಸೇರಿದ ಡ್ರೈವರ್ ಅವನ್ನು ಓದುವುದೇ ಇಲ್ಲ, ಅದೇ ಆಪ್ಷನ್ನನ್ನು ಗ್ರಬ್‌ನ ಕರ್ನಲ್ ಸಾಲಿನಲ್ಲಿ, ಮಾಡ್ಯೂಲ್ ಹೆಸರು, ಚುಕ್ಕೆ, ಆಪ್ಷನ್ ಹೆಸರು ಎಂಬ ರೂಪದಲ್ಲಿ ಕೊಡಬೇಕಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಂದ 6.17ಕ್ಕೆ ಅಥವಾ ಅದರ ಮುಂದಿನದಕ್ಕೆ ಹೋಗುವವರು ಇನ್ನೂ ಸ್ವಲ್ಪ ಎಚ್ಚರ ವಹಿಸಿ. ಅದರಲ್ಲಿ ಎಚ್‌ಡಿಎ ಕೋಡ್ ಇರುವ ಫೋಲ್ಡರ್ ಬದಲಾಗಿದೆ. ಒಂದೇ ದೊಡ್ಡ ಫೈಲಾಗಿದ್ದ ರಿಯಲ್‌ಟೆಕ್ ಡ್ರೈವರನ್ನು ಚಿಪ್ ಕುಟುಂಬಗಳ ಪ್ರಕಾರ ತುಂಡು ಮಾಡಿದ್ದಾರೆ, ಒಂದೊಂದಕ್ಕೂ ಬೇರೆ ಆಯ್ಕೆ. ಹಳೆಯ ಕಾನ್ಫಿಗ್‌ನಲ್ಲಿ ರಿಯಲ್‌ಟೆಕ್ ಎಂದು ಒಂದೇ ಸಾಲು ಇತ್ತು, ಹಾಗಾಗಿ ಹೊಸದರಲ್ಲಿ ನಿಮ್ಮ ಚಿಪ್‌ನ ಸಾಲು ಬಂದಿದೆಯೇ ಎಂದು ನೋಡಿಯೇ ಮುಂದೆ ಹೋಗಿ. ನಿಮ್ಮದು ಯಾವ ಚಿಪ್ ಎನ್ನುವುದು /ಪ್ರಾಕ್/ಎಸೌಂಡ್/ಕಾರ್ಡ್0 ಒಳಗೆ ಕೋಡೆಕ್#0 ಎಂಬ ಫೈಲಿನ ಮೊದಲ ಸಾಲಿನಲ್ಲೇ ಇರುತ್ತದೆ. ಎರಡು ಕಾರ್ಡ್ ಇದ್ದರೆ ಕಾರ್ಡ್1ರಲ್ಲೂ ನೋಡಿ.

ಡೆಬಿಯನ್, ಉಬುಂಟು ಕಾನ್ಫಿಗ್ ತಂದವರಿಗೆ ಒಂದು ಪೆಮ್ ಫೈಲ್ (ಸಹಿಗೆ ಸಂಬಂಧಪಟ್ಟ ಕೀ ಇರುವುದು) ಇಲ್ಲ ಎಂದು ಕಂಪೈಲ್ ನಿಲ್ಲಬಹುದು. ಕಾನ್ಫಿಗ್_ಸಿಸ್ಟಮ್_ಟ್ರಸ್ಟೆಡ್_ಕೀಸ್ ಸಾಲಿನ ಉದ್ಧರಣ ಚಿಹ್ನೆಯೊಳಗೆ ಇರುವುದನ್ನು ಅಳಿಸಿ ಖಾಲಿ ಬಿಡಿ. ಉಬುಂಟುವಿನಲ್ಲಿ ರೆವೊಕೇಶನ್_ಕೀಸ್ ಸಾಲಿಗೂ ಹಾಗೇ ಮಾಡಿ. ಹಾಗೆಯೇ ಮೇಕ್ ಮೆನುಕಾನ್ಫಿಗ್‌ನಲ್ಲಿ ಕರ್ನಲ್ ಹ್ಯಾಕಿಂಗ್ ಭಾಗಕ್ಕೆ ಹೋಗಿ ಡಿಬಗ್ ಮಾಹಿತಿಯನ್ನು ಆಫ್ ಮಾಡಿದರೆ ಡಿಸ್ಕ್ ಜಾಗ ಬಹಳ ಉಳಿಯುತ್ತದೆ.

ಹೆಸರು ಬೇರೆ ಇರಲಿ

ಕಂಪೈಲ್‌ಗೆ ಮೊದಲು ಕಾನ್ಫಿಗ್_ಲೋಕಲ್‌ವರ್ಷನ್‌ಗೆ ನಿಮ್ಮದೇ ಒಂದು ಬಾಲ ಕೊಡಿ, ಗೆರೆ ಹಾಕಿ ಊರ ಹೆಸರೋ ತಾರೀಖೋ. ಕರ್ನಲ್ ತನ್ನ ಮಾಡ್ಯೂಲ್‌ಗಳನ್ನು ಹುಡುಕುವುದು /ಲಿಬ್/ಮಾಡ್ಯೂಲ್ಸ್ ಒಳಗೆ ತನ್ನದೇ ಹೆಸರಿನ ಫೋಲ್ಡರಿನಲ್ಲಿ. ಅದೇ ಹೆಸರಲ್ಲಿ ಎರಡನೇ ಸಲ ಕಂಪೈಲ್ ಮಾಡಿದರೆ ಹೊಸ ಮಾಡ್ಯೂಲ್‌ಗಳು ಹಳೆಯವುಗಳ ಮೇಲೆ ಬರೆಯಲ್ಪಡುತ್ತವೆ, ಕೆಲವು ಹಳೆಯವು ಹಾಗೇ ಉಳಿಯುತ್ತವೆ, ಸರಿಯಾಗಿದ್ದ ಕರ್ನಲ್ ಕೂಡ ಕೆಡುತ್ತದೆ. ವಾಪಸ್ ಹೋಗುವ ದಾರಿಯನ್ನು ನಾವೇ ಮುಚ್ಚಿದ ಹಾಗಾಗುತ್ತದೆ.

ಪ್ರತಿ ಮಾಡ್ಯೂಲ್‌ನಲ್ಲೂ ವರ್‌ಮ್ಯಾಜಿಕ್ ಎಂಬ ಗುರುತು ಇರುತ್ತದೆ. ಅದರಲ್ಲಿ ಕರ್ನಲ್‌ನ ಹೆಸರೂ ಕೆಲವು ಮುಖ್ಯ ಆಯ್ಕೆಗಳೂ ಸೇರಿವೆ. ಅದು ತಾಳೆಯಾಗದಿದ್ದರೆ ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್ ಎಂದು ಹೇಳಿ ಲೋಡ್ ಆಗುವುದಿಲ್ಲ. ಮಾಡ್‌ಇನ್ಫೋ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಕೊಟ್ಟರೆ ಆ ಸಾಲು ಕಾಣುತ್ತದೆ, ಯುನೇಮ್ -ಆರ್ ಜೊತೆ ಹೋಲಿಸಿ.

ಕಂಪೈಲ್ ಮತ್ತು ಇನ್‌ಸ್ಟಾಲ್

ಡೆಬಿಯನ್ ಕಡೆಯವರಿಗೆ ನನ್ನ ಸಲಹೆ ಮೇಕ್ ಬಿನ್‌ಡೆಬ್-ಪಿಕೆಜಿ. ಕೊನೆಗೆ ಸೋರ್ಸ್ ಫೋಲ್ಡರಿನ ಹೊರಗೆ, ಒಂದು ಮಟ್ಟ ಮೇಲೆ, ಡೆಬ್ ಫೈಲುಗಳು ಸಿಗುತ್ತವೆ. ಲಿನಕ್ಸ್-ಇಮೇಜ್ ಮತ್ತು ಲಿನಕ್ಸ್-ಹೆಡರ್ಸ್ ಎರಡನ್ನೂ ಒಂದೇ ಕಮಾಂಡಿನಲ್ಲಿ ಇನ್‌ಸ್ಟಾಲ್ ಮಾಡಿ. ಹೆಡರ್ಸ್ ಯಾಕೆ ಬೇಕು ಎಂದು ಬಿಟ್ಟರೆ ಹೊರಗಿನ ಡ್ರೈವರ್‌ಗಳು ಹೊಸ ಕರ್ನಲ್‌ಗೆ ಕಂಪೈಲ್ ಆಗುವುದಿಲ್ಲ. ಬೇಡವಾದಾಗ ಈ ಕರ್ನಲನ್ನು ಮಾಮೂಲಿ ಪ್ಯಾಕೇಜಿನ ಹಾಗೆ ತೆಗೆಯಬಹುದು, ಅದೂ ಒಂದು ಅನುಕೂಲ.

ಕೈಯಿಂದಲೇ ಮಾಡುವವರು ಕ್ರಮ ತಪ್ಪಬೇಡಿ. ಮೊದಲು ಮೇಕ್, ಆಮೇಲೆ ಸುಡೊ ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್, ಕೊನೆಗೆ ಸುಡೊ ಮೇಕ್ ಇನ್‌ಸ್ಟಾಲ್. ಕೊನೆಯ ಹೆಜ್ಜೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಬಳಸುವ ಫೈಲುಗಳ ಕಟ್ಟು) ತಯಾರಾಗುತ್ತದೆ, ಅದಕ್ಕೆ ಮಾಡ್ಯೂಲ್‌ಗಳು ಮೊದಲೇ ಅಲ್ಲಿರಬೇಕು. ಮಾಡ್ಯೂಲ್ಸ್_ಇನ್‌ಸ್ಟಾಲ್ ಜೊತೆಗೆ ದೊಡ್ಡಕ್ಷರದಲ್ಲಿ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಸೇರಿಸಿ. ಇಲ್ಲದಿದ್ದರೆ ಡಿಬಗ್ ಮಾಹಿತಿ ತುಂಬಿಕೊಂಡು ಇನಿಟ್‌ರಾಮ್‌ಎಫ್‌ಎಸ್ ಊದಿಕೊಳ್ಳುತ್ತದೆ, /ಬೂಟ್ ಚಿಕ್ಕದಿದ್ದರೆ ತುಂಬಿಯೇ ಹೋಗುತ್ತದೆ.

ಸೋರ್ಸ್ ಫೋಲ್ಡರನ್ನು ಅಳಿಸುವ ಆತುರ ಬೇಡ. ಕೈಯಿಂದ ಇನ್‌ಸ್ಟಾಲ್ ಮಾಡಿದಾಗ /ಲಿಬ್/ಮಾಡ್ಯೂಲ್ಸ್ ಒಳಗಿನ ಬಿಲ್ಡ್ ಎಂಬ ಕೊಂಡಿ ಆ ಫೋಲ್ಡರಿಗೇ ಹೋಗುತ್ತದೆ. ಫೋಲ್ಡರ್ ಹೋದರೆ ಡಿಕೆಎಮ್‌ಎಸ್ ಕೆಲಸ ನಿಂತಂತೆ.

ಹೊರಗಿನ ಡ್ರೈವರ್, ಸಹಿ, ಫರ್ಮ್‌ವೇರ್

ಡಿಕೆಎಮ್‌ಎಸ್ ಶುರುವಾದದ್ದು 2003ರ ಹೊತ್ತಿಗೆ, ಡೆಲ್ ಕಂಪನಿಯವರಿಂದ. ಕರ್ನಲ್ ಬದಲಾದಾಗ ಹೊರಗಿನ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುವುದು ಅದರ ಕೆಲಸ. ಮೊದಲೇ ಓಡಿಸಿದ ಸ್ಟೇಟಸ್‌ನಲ್ಲಿ ನಿಮಗೆ ಸೌಂಡ್ ಡ್ರೈವರ್ ಕಂಡಿದ್ದರೆ, ಇನ್‌ಸ್ಟಾಲ್ ಆದ ಮೇಲೆ ಸುಡೊ ಡಿಕೆಎಮ್‌ಎಸ್ ಆಟೋಇನ್‌ಸ್ಟಾಲ್ -ಕೆ ಎಂದು ಹೊಸ ಕರ್ನಲ್‌ನ ಹೆಸರು ಕೊಟ್ಟು ಓಡಿಸಿ, ಮತ್ತೆ ಸ್ಟೇಟಸ್ ನೋಡಿ. ಹೊಸ ಹೆಸರಿನ ಎದುರು ಇನ್‌ಸ್ಟಾಲ್ಡ್ ಎಂದು ಬರಬೇಕು. ಬರದಿದ್ದರೆ /ವಾರ್/ಲಿಬ್/ಡಿಕೆಎಮ್‌ಎಸ್ ಒಳಗೆ ಆ ಡ್ರೈವರಿನ ಫೋಲ್ಡರಿನಲ್ಲಿ ಮೇಕ್.ಲಾಗ್ ಇರುತ್ತದೆ, ಅದರಲ್ಲಿ ಮೊದಲು ಬಂದ ತಪ್ಪನ್ನು ಓದಿ, ಕೊನೆಯದನ್ನಲ್ಲ. ಕರ್ನಲ್ ಒಳಗಿನ ಫಂಕ್ಷನ್ ಬದಲಾಗಿ ಡ್ರೈವರ್ ಹಳೆಯದಾಗಿದ್ದರೆ ಡ್ರೈವರ್ ಬರೆದವರ ಹೊಸ ಆವೃತ್ತಿ ತರಬೇಕು. ಅದಕ್ಕೂ ಮೊದಲು ಆ ಡ್ರೈವರ್ ಈಗ ಕರ್ನಲ್ ಒಳಗೇ ಬಂದುಬಿಟ್ಟಿದೆಯೇ ಎಂದು ನೋಡಿ. ಬಂದಿದ್ದರೆ ಹೊರಗಿನದನ್ನು ತೆಗೆದೇಬಿಡಿ, ಎರಡೂ ಇದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ನೀವೇ ಮಾಡಿದ ಕರ್ನಲ್‌ಗೆ ಸಹಿ ಇಲ್ಲದ ಕಾರಣ ಅದು ಬೂಟ್ ಆಗುವುದೇ ಇಲ್ಲ. ಕೀ ಮಾಡಿ, ಎಸ್‌ಬಿಸೈನ್‌ನಿಂದ ಕರ್ನಲ್‌ಗೆ ಸಹಿ ಹಾಕಿ, ಮೊಕ್‌ಯುಟಿಲ್ --ಇಂಪೋರ್ಟ್ ಕೊಟ್ಟು ಆ ಕೀಯನ್ನು ಯಂತ್ರಕ್ಕೆ ಪರಿಚಯ ಮಾಡಿಸಬೇಕು. ಮಾಡ್ಯೂಲ್‌ಗಳಿಗೆ ಕಾನ್ಫಿಗ್_ಮಾಡ್ಯೂಲ್_ಸಿಗ್_ಆಲ್ ಹಾಕಿದ್ದರೆ ಇನ್‌ಸ್ಟಾಲ್ ಆಗುವಾಗಲೇ ಸಹಿ ಬೀಳುತ್ತದೆ. ಆಮೇಲೆ ಕೈಯಾರೆ ಸ್ಟ್ರಿಪ್ ಮಾಡಬೇಡಿ, ಸಹಿ ಅಳಿಸಿಹೋಗುತ್ತದೆ. ಡಿಕೆಎಮ್‌ಎಸ್‌ನ ಕೀ ಡೆಬಿಯನ್‌ನಲ್ಲಿ /ವಾರ್/ಲಿಬ್/ಡಿಕೆಎಮ್‌ಎಸ್ ಒಳಗೆ ಮೊಕ್.ಪಬ್ ಎಂದು, ಉಬುಂಟುವಿನಲ್ಲಿ /ವಾರ್/ಲಿಬ್/ಶಿಮ್-ಸೈನ್ಡ್/ಮೊಕ್ ಒಳಗೆ ಇರುತ್ತದೆ. ಕೀ ವಾಸ್ ರಿಜೆಕ್ಟೆಡ್ ಎಂದು ಮಾಡ್‌ಪ್ರೋಬ್ ಹೇಳಿದರೆ ತೊಂದರೆ ಸೌಂಡ್‌ನದ್ದಲ್ಲ, ಸಹಿಯದ್ದು.

ಇಲ್ಲಿ ಒಂದನ್ನು ಒತ್ತಿ ಹೇಳಬೇಕು. ಕೀ ಸೇರಿಸಿದ ಮೇಲೆ ರೀಬೂಟ್ ಮಾಡಿದಾಗ ಒಂದು ನೀಲಿ ಪರದೆ ಬರುತ್ತದೆ, ಅಲ್ಲಿ ಮೆನುವಿನಲ್ಲಿ ಒಪ್ಪಿಗೆ ಕೊಟ್ಟು ಪಾಸ್‌ವರ್ಡ್ ಹಾಕಬೇಕು. ಆ ಪರದೆ ಮಾತಾಡುವುದಿಲ್ಲ. ಆ ಹೊತ್ತಿಗೆ ಲಿನಕ್ಸೇ ಶುರುವಾಗಿರುವುದಿಲ್ಲ, ಓರ್ಕಾ ಎಲ್ಲಿಂದ ಬರಬೇಕು. ಕಣ್ಣು ಕಾಣದವರ ಯಂತ್ರವಾದರೆ ಆ ಒಂದು ರೀಬೂಟ್ ಆಗುವಾಗ ನೀವು ಪಕ್ಕದಲ್ಲೇ ಕೂತಿರಿ. ಫೋನಿನಲ್ಲಿ ಹೇಳಿ ಮಾಡಿಸುತ್ತೇನೆ ಎಂದು ಹೊರಡಬೇಡಿ.

ಸೋಫ್ ಫರ್ಮ್‌ವೇರ್ ಇರುವುದು /ಲಿಬ್/ಫರ್ಮ್‌ವೇರ್/ಇಂಟೆಲ್ ಒಳಗೆ. ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ಫರ್ಮ್‌ವೇರ್-ಸೋಫ್-ಸೈನ್ಡ್, ಫೆಡೋರಾದಲ್ಲಿ ಆಲ್ಸಾ-ಸೋಫ್-ಫರ್ಮ್‌ವೇರ್, ಆರ್ಚ್‌ನಲ್ಲಿ ಸೋಫ್-ಫರ್ಮ್‌ವೇರ್. ಕರ್ನಲ್ ಸೋರ್ಸ್ ಜೊತೆ ಇದು ಬರುವುದಿಲ್ಲ. ಹಳೆಯ ಡಿಸ್ಟ್ರೋ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ಕಟ್ಟು) ಮೇಲೆ ತೀರಾ ಹೊಸ ಕರ್ನಲ್ ಹಾಕಿದರೆ ಅದು ಕೇಳುವ ಫೈಲ್ ಇಲ್ಲದೆ ಹೋಗಬಹುದು, ಆಗ ಪ್ಯಾಕೇಜಿನ ಹೊಸ ಆವೃತ್ತಿ ಬೇಕು.

ಒಂದೇ ಸಲದ ಬೂಟ್

ಹೊಸ ಕರ್ನಲನ್ನು ಡೀಫಾಲ್ಟ್ ಮಾಡಬೇಡಿ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ ಗ್ರಬ್_ಡೀಫಾಲ್ಟ್‌ಗೆ ಸೇವ್ಡ್ ಎಂದು ಕೊಡಿ (ಇದು ಸಣ್ಣಕ್ಷರ), ಗ್ರಬ್_ಡಿಸೇಬಲ್_ಸಬ್‌ಮೆನು=ವೈ ಎಂದೂ ಹಾಕಿ (ಇಲ್ಲಿ ವೈ ಕೂಡ ಸಣ್ಣಕ್ಷರ), ಅಪ್‌ಡೇಟ್-ಗ್ರಬ್ ಓಡಿಸಿ. ಈಗ ಗ್ರಬ್-ಸೆಟ್-ಡೀಫಾಲ್ಟ್ ಜೊತೆ ಹಳೆಯ ಕರ್ನಲ್‌ನ ಮೆನು ಹೆಸರು, ಗ್ರಬ್-ರೀಬೂಟ್ ಜೊತೆ ಹೊಸದರ ಹೆಸರು ಕೊಟ್ಟು ರೀಬೂಟ್ ಮಾಡಿ. ಹೆಸರುಗಳು /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ ಒಳಗಿನ ಮೆನುಎಂಟ್ರಿ ಸಾಲುಗಳಲ್ಲಿವೆ. ನಂಬರ್ ಬಳಸಬೇಡಿ, ಹೊಸ ಕರ್ನಲ್ ಬಂದಾಗ ನಂಬರ್ ಜರುಗುತ್ತದೆ.

ಹೊಸದು ಒಂದೇ ಸಲ ಬೂಟ್ ಆಗುತ್ತದೆ. ಸೌಂಡ್ ಬರಲಿಲ್ಲವೋ, ಪವರ್ ಬಟನ್ ಒತ್ತಿ ಆಫ್ ಮಾಡಿ ಆನ್ ಮಾಡಿದರೆ ಹಳೆಯದೇ ಬರುತ್ತದೆ, ಮಾತಾಡುತ್ತದೆ. ಪರದೆ ನೋಡದೆ, ಮೆನು ಆರಿಸದೆ ವಾಪಸ್ ಹೋಗುವ ದಾರಿ ಇದು. ಚಿಕ್ಕಪ್ಪನಿಗೆ ಈಗ ನಾನು ಹೇಳಿರುವುದು ಇಷ್ಟೇ: "ಎರಡು ನಿಮಿಷ ಕಾಯಿರಿ, ಮಾತು ಬರದಿದ್ರೆ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ." /ಬೂಟ್ ಏನಾದರೂ ಎಲ್‌ವಿಎಮ್ ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಡಿಸ್ಕ್ ವ್ಯವಸ್ಥೆಯ ಮೇಲಿದ್ದರೆ ಇದನ್ನು ನಂಬಬೇಡಿ, ಗ್ರಬ್‌ಗೆ ಅಲ್ಲಿ ಬರೆಯಲು ಆಗುವುದಿಲ್ಲ, ಹಾಗಾಗಿ "ಒಂದೇ ಸಲ" ಎಂಬ ಗುರುತು ಅಳಿಯದೆ ಉಳಿಯುತ್ತದೆ.

ಎಸ್‌ಎಸ್‌ಎಚ್ ಸರ್ವರ್ ಕೂಡ ಮೊದಲೇ ಹಾಕಿಡಿ. ಮಾತು ನಿಂತರೂ ಇನ್ನೊಂದು ಕಂಪ್ಯೂಟರಿನಿಂದ ಒಳಗೆ ಹೋಗಿ ನೋಡಬಹುದು.

ಸದ್ದಿಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ

ಸೆಟ್ಟಿಂಗ್ಸ್ ಕಿಟಕಿಯಲ್ಲಿ ಡಮ್ಮಿ ಔಟ್‌ಪುಟ್ ಎಂದು ಕಂಡ ಕೂಡಲೇ ಪೈಪ್‌ವೈರ್ (ಡೆಸ್ಕ್‌ಟಾಪಿನ ಸದ್ದನ್ನು ಸೌಂಡ್ ಸಾಧನಕ್ಕೆ ತಲುಪಿಸುವ ಪ್ರೋಗ್ರಾಮ್) ತೆಗೆದು ಮತ್ತೆ ಹಾಕುವವರು ಬಹಳ. ಸುಮ್ನೆ ಶ್ರಮ. ಡಮ್ಮಿ ಎಂದರೆ ಕೆಳಗಿನಿಂದ ಯಾವ ಸಾಧನವೂ ಮೇಲೆ ಬಂದಿಲ್ಲ ಎಂದು ಪೈಪ್‌ವೈರ್ ಹೇಳುತ್ತಿದೆ, ಹೆಚ್ಚಿನ ಸಲ ತಪ್ಪು ಅದರದ್ದಲ್ಲ.

ಮೊದಲು ಯುನೇಮ್ -ಆರ್. ನಿಜವಾಗಿಯೂ ಹೊಸ ಕರ್ನಲ್‌ನಲ್ಲಿದ್ದೀರಾ? ಆಮೇಲೆ /ಪ್ರಾಕ್/ಎಸೌಂಡ್/ಕಾರ್ಡ್ಸ್. ಅಲ್ಲಿ ನೋ ಸೌಂಡ್‌ಕಾರ್ಡ್ಸ್ ಎಂದು ಬಂದರೆ ಡ್ರೈವರ್ ಮಟ್ಟದಲ್ಲೇ ತೊಂದರೆ. ಸುಡೊ ಮಾಡ್‌ಪ್ರೋಬ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಕೊಡಿ. ನಾಟ್ ಫೌಂಡ್ ಎಂದರೆ ಕಾನ್ಫಿಗ್‌ನಲ್ಲಿ ಬಿಟ್ಟುಹೋಗಿದೆ ಅಥವಾ ಮಾಡ್ಯೂಲ್ಸ್_ಇನ್‌ಸ್ಟಾಲ್ ಆಗಿಲ್ಲ. ಯಾವ ತಪ್ಪೂ ತೋರಿಸದೆ ಲೋಡ್ ಆಗಿಯೂ ಕಾರ್ಡ್ ಬರಲಿಲ್ಲ ಎಂದರೆ ಡಿಮೆಸೇಜ್ ನೋಡಿ. ಅಲ್ಲಿ ಫರ್ಮ್‌ವೇರ್ ಎಂಬ ಮಾತಿನ ಜೊತೆ -2 ಎಂದಿದ್ದರೆ ಫೈಲ್ ಸಿಕ್ಕಿಲ್ಲ ಎಂದರ್ಥ, ಮುಂದೆ ಹುಡುಕುವ ಅಗತ್ಯವೇ ಇಲ್ಲ, ಫೈಲಿನ ಹೆಸರೂ ಅಲ್ಲೇ ಇರುತ್ತದೆ.

ಸೋಫ್ ಏನು ಮಾಡಿದರೂ ಏಳದಿದ್ದರೆ ತಾತ್ಕಾಲಿಕವಾಗಿ ಹಳೆಯ ಡ್ರೈವರ್ ಬಳಸುವ ದಾರಿ ಇದೆ. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು ಫೈಲ್ ಮಾಡಿ, ಆಪ್ಷನ್ಸ್ ಎಸ್‌ಎನ್‌ಡಿ_ಇಂಟೆಲ್_ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1 ಎಂದು ಬರೆದು ರೀಬೂಟ್ ಮಾಡಿ. ಹೆಚ್ಚಿನ ಯಂತ್ರಗಳಲ್ಲಿ ಸ್ಪೀಕರ್ ಬರುತ್ತದೆ, ಒಳಗಿನ ಡಿಜಿಟಲ್ ಮೈಕ್ ಬರುವುದಿಲ್ಲ. ಫರ್ಮ್‌ವೇರ್ ಸಿಕ್ಕಿದ ಮೇಲೆ ಆ ಸಾಲು ತೆಗೆಯಲು ಮರೆಯಬೇಡಿ.

ಕಾರ್ಡ್ ಇದೆ, ಆದರೆ ಸದ್ದಿಲ್ಲ. ಆಗ ಆಲ್ಸಾಮಿಕ್ಸರ್ ತೆಗೆದು ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಎಮ್‌ಎಮ್ ಎಂದು ಕಂಡರೆ ಮ್ಯೂಟ್ ಆಗಿದೆ, ಎಮ್ ಒತ್ತಿದರೆ ಬಿಡುತ್ತದೆ. ಆಟೋ-ಮ್ಯೂಟ್ ಎನ್ನುವುದನ್ನೂ ನೋಡಿ, ಜ್ಯಾಕ್ ಪತ್ತೆ ತಪ್ಪಾದರೆ ಹೆಡ್‌ಫೋನ್ ಇಲ್ಲದಿದ್ದರೂ ಸ್ಪೀಕರ್ ಮುಚ್ಚಿಕೊಂಡಿರುತ್ತದೆ. ಸ್ಪೀಕರ್-ಟೆಸ್ಟ್ -ಸಿ 2 ಓಡಿಸಿ ಎರಡೂ ಕಡೆ ಸದ್ದು ಬಂದರೆ, ಸುಡೊ ಆಲ್ಸಾಸಿಟಿಎಲ್ ಸ್ಟೋರ್ ಕೊಟ್ಟು ಆ ಮಟ್ಟಗಳನ್ನು ಉಳಿಸಿ. ಇಲ್ಲಿವರೆಗೆ ಎಲ್ಲ ಸರಿ, ಆದರೂ ಡೆಸ್ಕ್‌ಟಾಪ್‌ನಲ್ಲಿ ಇಲ್ಲ ಎಂದಾಗ ಮಾತ್ರ ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಜೊತೆ ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಮೂರನ್ನೂ ಕೊಡಿ.

ಇನ್ನೊಂದು ಸಣ್ಣ ತೊಂದರೆ ಬಹಳ ಜನರನ್ನು ಕಾಡುತ್ತದೆ. ಹೊಸ ಕರ್ನಲ್‌ನಲ್ಲಿ ಕಾರ್ಡ್‌ಗಳ ಕ್ರಮ ಬದಲಾಗಿ ಎಚ್‌ಡಿಎಮ್‌ಐ ಸೊನ್ನೆಯಾಗುತ್ತದೆ, ಸ್ಪೀಕರ್ ಒಂದಾಗುತ್ತದೆ. ಸದ್ದು ಟಿವಿ ಕೇಬಲ್ಲಿಗೆ ಹೋಗುತ್ತಿರುತ್ತದೆ, ಕೇಳುವವರಿಲ್ಲ. ಟೆಕ್ಸ್ಟ್ ಕನ್ಸೋಲ್‌ನಲ್ಲಿ (ಡೆಸ್ಕ್‌ಟಾಪ್ ಇಲ್ಲದ, ಬರೀ ಅಕ್ಷರಗಳ ಪರದೆ) ಮಾತಿಗೆ ಇಸ್ಪೀಕಪ್ ಬಳಸುವವರಿಗೆ ಇದು ದೊಡ್ಡ ಪೆಟ್ಟು, ಬೇರೆ ಏನೂ ಹೇಳದಿದ್ದರೆ ಆಲ್ಸಾ ಸೊನ್ನೆಯ ಕಾರ್ಡಿಗೇ ಹೋಗುತ್ತದೆ. ಮೊದಲು ಉಳಿಸಿಟ್ಟ ಫೈಲ್ ಜೊತೆ ಹೋಲಿಸಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಯಾವಾಗಲೂ ಮೊದಲಿರಲಿ ಎಂದರೆ ಮಾಡ್‌ಪ್ರೋಬ್.ಡಿ ಒಳಗೆ ಆಪ್ಷನ್ಸ್ ಎಸ್‌ಎನ್‌ಡಿ ಸ್ಲಾಟ್ಸ್=ಎಸ್‌ಎನ್‌ಡಿ_ಯುಎಸ್‌ಬಿ_ಆಡಿಯೋ,ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಎಂದು ಬರೆಯಿರಿ. ನಿಮ್ಮದೇ ಆಲ್ಸಾ ಸೆಟ್ಟಿಂಗ್ ಫೈಲುಗಳಲ್ಲಿ ಕಾರ್ಡನ್ನು ನಂಬರಿನಿಂದ ಕರೆಯುವ ಬದಲು ಹೆಸರಿನಿಂದ ಕರೆಯಿರಿ.

ಮುಂದಿನ ಸಲಕ್ಕೆ

ನೀವೇ ಮಾಡಿದ ಕರ್ನಲ್‌ಗೆ ಡಿಸ್ಟ್ರೋದ ಭದ್ರತಾ ಅಪ್‌ಡೇಟ್ ಬರುವುದಿಲ್ಲ, ಆ ಜವಾಬ್ದಾರಿ ನಿಮ್ಮದು. ಅಂದರೆ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಸರಿಹೋದ .ಕಾನ್ಫಿಗ್ ಫೈಲನ್ನು ಕರ್ನಲ್ ಹೆಸರಿನ ಜೊತೆ ಪೆನ್‌ಡ್ರೈವ್‌ನಲ್ಲಿ ಇಡಿ, ಮುಂದಿನ ಸಲ ಅದರಿಂದಲೇ ಶುರು ಮಾಡಿ. ಸೋರ್ಸ್ ಒಳಗೆ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಡಿಫ್‌ಕಾನ್ಫಿಗ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ, ಹಳೆ ಹೊಸ ಎರಡು ಕಾನ್ಫಿಗ್ ಕೊಟ್ಟರೆ ಏನು ಬದಲಾಗಿದೆ ಎಂದು ತೋರಿಸುತ್ತದೆ. ಅದರಲ್ಲಿ ಎಸ್‌ಎನ್‌ಡಿ ಇರುವ ಸಾಲುಗಳನ್ನಾದರೂ ಓದಿ. ಡಿಸ್ಟ್ರೋ ಕೊಟ್ಟ ಒಂದು ಕರ್ನಲನ್ನು ಮಾತ್ರ ಎಂದೂ ಅಳಿಸಬೇಡಿ.

ಎರಡನೇ ಸಲ ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಕರ್ನಲ್ ಹಾಕಲು ನಾನು ಊರಿಗೇ ಹೋದೆ. ಹೆಡ್‌ಸೆಟ್ ಚುಚ್ಚಿ, ಪಟ್ಟಿ ಉಳಿಸಿ, ಪೂರ್ತಿ ಕಾನ್ಫಿಗ್‌ನಿಂದ ರಾತ್ರಿಯಿಡೀ ಕಂಪೈಲ್ ಮಾಡಿಸಿದೆ. ಬೆಳಿಗ್ಗೆ ಒಂದೇ ಸಲದ ಬೂಟ್ ಕೊಟ್ಟೆ. ಚಿಕ್ಕಪ್ಪ ಹೆಡ್‌ಸೆಟ್ ಕಿವಿಗೆ ಹಾಕಿಕೊಂಡು ಕೂತಿದ್ದರು, ನನಗೆ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿ "ಬಂತು, ಪಾಸ್‌ವರ್ಡ್ ಕೇಳ್ತಾ ಇದೆ" ಎಂದರು.